ಕನ್ನಡ ಮೆಕ್ಯಾನಿಕ್

ನನ್ನ ಫೋನಿನಲ್ಲಿ ಅವರ ನಂಬರು ಈಗಲೂ ‘ಕನ್ನಡ ಮೆಕ್ಯಾನಿಕ್’ ಎಂದೇ ಇದೆ. ಐದಾರು ವರ್ಷ ನಮ್ಮ ಮನೆಯ ವಾಷಿಂಗ್ ಮಷೀನನ್ನೂ ಡಿಶ್‌ವಾಷರನ್ನೂ ಬಿಚ್ಚಿ ಜೋಡಿಸಿದ ಮನುಷ್ಯನ ಹೆಸರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಹೋದ ತಿಂಗಳು, ಅವರು ತೀರಿಕೊಂಡ ಮೇಲೆ, ಅವರ ಮನೆಯ ಗೋಡೆಯಲ್ಲಿ ತೂಗುಹಾಕಿದ್ದ ಫೋಟೊದ ಕೆಳಗೆ ಓದಿ ತಿಳಿದುಕೊಂಡೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಇದ್ದಾಗ ಕೇಳದ ಹೆಸರನ್ನು ಸತ್ತ ಮೇಲೆ ಬಳಸಿಕೊಳ್ಳಲು ನನಗೆ ಮುಖವಿಲ್ಲ.

ಹೈದರಾಬಾದಿನಲ್ಲಿ ನಮ್ಮಂಥವರ ಪಾಡು ಗೊತ್ತಿರುವವರಿಗೆ ಆ ‘ಕನ್ನಡ’ ಎಂಬ ಮಾತಿನ ತೂಕ ಗೊತ್ತಾಗುತ್ತದೆ. ನಾವು ಕಲಬುರಗಿ ಕಡೆಯವರು. ನನ್ನ ಗಂಡನಿಗೆ ನಾಚಾರಂನ ಒಂದು ಕಾರ್ಖಾನೆಯಲ್ಲಿ ಕೆಲಸ, ಮನೆ ಕುಷಾಯಿಗೂಡದಲ್ಲಿ. ತರಕಾರಿಯವನ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ಕನ್ನಡ ಏನಿದ್ದರೂ ಬಾಗಿಲು ಹಾಕಿಕೊಂಡ ಮೇಲೆ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ‘ಹೌದೇನ್ರಿ’ ಅಂತ ಕೇಳಿಸಿದರೆ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತದೆ.

ಅವರು ಮೊದಲ ಸಲ ಬಂದದ್ದು ವಾಷಿಂಗ್ ಮಷೀನಿಗಾಗಿ. ಬಟ್ಟೆ ಹಿಂಡುವ ಹೊತ್ತಿಗೆ ಅದು ಧಡಧಡ ಕುಣಿಯುತ್ತ ಗೋಡೆ ಬಿಟ್ಟು ಬಚ್ಚಲಿನ ಬಾಗಿಲವರೆಗೆ ನಡೆದುಕೊಂಡು ಬರುತ್ತಿತ್ತು. ಅದಕ್ಕೂ ಮೊದಲು ಬಂದಿದ್ದ ಒಬ್ಬ, ಒಳಗಿನ ಸಾಮಾನೆಲ್ಲ ಹೋಗಿದೆ ಎಂದು ಉದ್ದದ ಪಟ್ಟಿ ಕೊಟ್ಟು ಹೋಗಿದ್ದ. ಅಕ್ಕಪಕ್ಕದವರನ್ನು ವಿಚಾರಿಸಿ ಇವರನ್ನು ಕರೆಸಿದೆವು. ಐವತ್ತು ದಾಟಿದ, ಸಣಕಲು ಮೈಯ ಮನುಷ್ಯ, ಹೆಗಲಿಗೆ ಕ್ಯಾನ್ವಾಸ್ ಚೀಲ. ತೆಲುಗಿನಲ್ಲಿ ಏನಾಗಿದೆ ಎಂದು ಕೇಳಿದರು. ನಾನು ಒಳಗೆ ತಿರುಗಿ, ಬಚ್ಚಲ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ ಅತ್ತೆಗೆ, ಸ್ವಲ್ಪ ದಾರಿ ಬಿಡಿರೆಂದು ಕನ್ನಡದಲ್ಲಿ ಹೇಳಿದೆ. ಅದನ್ನು ಕೇಳಿ ಮೆಕ್ಯಾನಿಕರ ಮುಖ ಅರಳಿತು.

‘ಕುಂದರ್ಲಿ ಬಿಡ್ರಿ ಅಕ್ಕಾರ, ನಾ ಸಣ್ಣಾವ ಅದೀನಿ, ಸಂದ್ಯಾಗ ಹೋಗ್ತೀನಿ,’ ಅಂದರು.

ಅಷ್ಟೇ ಸಾಕಾಯಿತು. ಅತ್ತೆ ಊರು ಕೇಳಿದರು. ಯಾದಗಿರಿ ಕಡೆಯ ಒಂದು ಹಳ್ಳಿ, ಅತ್ತೆಯ ತವರಿನಿಂದ ಎರಡೇ ಹರದಾರಿ. ಅಲ್ಲಿಯ ಕೆರೆ, ಅಲ್ಲಿಯ ಸಂತೆ, ಹಾಳು ಬಿದ್ದ ಊರಬಾಗಿಲ ಅಗಸಿ ಎಲ್ಲವೂ ಆ ದಿನ ನಮ್ಮ ಬಚ್ಚಲ ಬಾಗಿಲಿಗೆ ಬಂದುಹೋದವು. ಅವರ ತಂದೆ ಗಾರೆ ಕೆಲಸಕ್ಕೆಂದು ಇಲ್ಲಿಗೆ ಬಂದು, ಈ ಭಾಗದ ಎಷ್ಟೋ ಕ್ವಾರ್ಟರ್ಸುಗಳಿಗೆ ಸಿಮೆಂಟು ಹೊತ್ತವರಂತೆ. ಇವರು ಮೋಟಾರಿಗೆ ತಂತಿ ಸುತ್ತುವ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡು, ಅದು ಮುಚ್ಚಿದ ಮೇಲೆ ಮನೆಮನೆಯ ಮಷೀನಿಗೆ ಇಳಿದಿದ್ದರು.

ಮಷೀನನ್ನು ಅವರು ಕೂಡಲೇ ಬಿಚ್ಚಲಿಲ್ಲ. ಚಾಲೂ ಮಾಡಿಸಿ, ಅದರ ತಲೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರು. ಮೊದಲು ಅದು ಮಾತಾಡಲಿ, ಆಮೇಲೆ ನಾವು ಮಾತಾಡೋಣ ಎನ್ನುವುದು ಅವರ ಪದ್ಧತಿ. ಆಮೇಲೆ ಊಟದ ತಟ್ಟೆಯೊಂದರಲ್ಲಿ ನೀರು ತರಿಸಿ ಮಷೀನಿನ ಮೇಲಿಟ್ಟರು. ನೀರು ಒಂದು ಅಂಚಿಗೆ ಸರಿದು ನಿಂತಿತು. ‘ಮಷೀನಿಂದು ತಪ್ಪಿಲ್ರಿ. ನೆಲಾ ಓರೆ ಐತಿ. ನಿಂತ ಜಾಗಾ ಸರಿ ಇಲ್ಲಂದ್ರ ಯಾರಾದ್ರೂ ಕುಣೀತಾರ,’ ಅಂದರು. ಕೆಳಗಿನ ನಾಲ್ಕು ಕಾಲುಗಳನ್ನು ತಿರುಪಿ, ತಟ್ಟೆಯ ನೀರು ಸುತ್ತಲೂ ಸಮ ನಿಲ್ಲುವವರೆಗೆ ಹೊಂದಿಸಿದರು. ಮಷೀನು ಅಂದಿನಿಂದ ಕದಲಲಿಲ್ಲ. ಉದ್ದದ ಪಟ್ಟಿಯನ್ನು ಅತ್ತೆ ರದ್ದಿ ಕಾಗದಗಳ ಜೊತೆ ಸೇರಿಸಿದರು.

ಲಾಕ್‌ಡೌನಿನಲ್ಲಿ ಕೆಲಸದಾಕೆ ಬರುವುದು ನಿಂತಿತು, ಡಿಶ್‌ವಾಷರ್ ಬಂತು. ಎಂಜಲು ತಟ್ಟೆಯೂ ತನ್ನ ತಂಬಿಗೆಯೂ ಒಂದೇ ಪೆಟ್ಟಿಗೆಯಲ್ಲಿ ಎಂದಾಗ ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅದರ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆದ ಹಬೆ ನೋಡಿ, ಇಷ್ಟು ಕುದಿಯುವ ನೀರು ಬಿದ್ದ ಮೇಲೆ ಮುಸುರೆ ಎಲ್ಲಿಂದ ಉಳಿಯುತ್ತದೆ ಎಂದು ತಾವೇ ತೀರ್ಪು ಕೊಟ್ಟರು. ನಮ್ಮ ಅತ್ತೆ ಎಷ್ಟು ಮುಂದುವರಿದವರು ಎಂದು ನಾನು ಬಂಧುಬಳಗಕ್ಕೆಲ್ಲ ಫೋನು ಮಾಡಿ ಹೇಳಿದ್ದೇ ಹೇಳಿದ್ದು.

ಅದು ಕೆಟ್ಟಾಗಲೂ ಅದೇ ಮೆಕ್ಯಾನಿಕರು ಬಂದರು. ಒಂದು ಸಲ ಪಾತ್ರೆಗಳ ಮೇಲೆಲ್ಲ ಬಿಳಿ ಪುಡಿ ಕೂತಿತ್ತು. ಇಲ್ಲಿಯ ಬೋರಿನ ನೀರಿಗೆ ಡಿಶ್‌ವಾಷರಿಗೆಂದೇ ಬರುವ ಹರಳು ಉಪ್ಪು ಹಾಕಬೇಕು. ನನ್ನ ಗಂಡ ಉಪ್ಪು ಉಪ್ಪೇ ಅಲ್ಲವೇ ಎಂದು ಅಡುಗೆಯ ಪುಡಿ ಉಪ್ಪು ಸುರಿದಿದ್ದರು. ಮೆಕ್ಯಾನಿಕರು ಉಪ್ಪಿನ ಡಬ್ಬಿಗೆ ಬೆರಳದ್ದಿ ನಾಲಗೆಗೆ ಹಚ್ಚಿ, ‘ಇದು ಸಾರಿಂದು ಉಪ್ಪು ರೀ,’ ಅಂದಾಗ ನನ್ನ ಗಂಡ ಪೇಪರು ಅಡ್ಡ ಹಿಡಿದರು. ಯಾರು ಹಾಕಿದ್ದೆಂದು ಅವರು ಕೇಳಲಿಲ್ಲ. ಆದರೆ ಪ್ರತಿ ಸಲವೂ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: ಮಷೀನಿಗೆ ಪಾತ್ರೆ ಇಡುವವರು ಯಾರು? ಕೊಂಡವರ ಹತ್ತಿರ ಮಾತಾಡಿದರೆ ಮಷೀನಿನ ಬೆಲೆ ತಿಳಿಯುತ್ತದೆ, ತುಂಬುವವರ ಹತ್ತಿರ ಮಾತಾಡಿದರೆ ರೋಗ ತಿಳಿಯುತ್ತದೆ ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸ. ಬಿಚ್ಚುವ ಮೊದಲು ಒಂದು ಬಸಿ ಕೇಳುತ್ತಿದ್ದರು, ಕಪ್ಪಿನ ಕೆಳಗಿಡುವ ಬಸಿ. ಒಳಗೆ ಸಿಕ್ಕ ನಾಣ್ಯ, ಗುಂಡಿ, ಹೇರ್‌ಪಿನ್ನು, ನಿಂಬೆ ಬೀಜ, ಎಲ್ಲವನ್ನೂ ಅದರಲ್ಲಿಟ್ಟು ಮನೆಯವರ ಮುಂದೆ ಹಿಡಿದ ಮೇಲೆಯೇ ರೋಗ ಯಾವುದೆಂದು ಹೇಳುವುದು. ಒಮ್ಮೆ ಅತ್ತೆ, ಬೇರೆಯವರ ಮನೆಯಲ್ಲಿ ಏನೇನು ಸಿಗುತ್ತದೆ ಎಂದು ಆಸೆಯಿಂದ ಕೆದಕಿದರು. ‘ಮಷೀನಿನ ಹೊಟ್ಟ್ಯಾಗಿಂದು ಆ ಮನಿ ಹೊಸ್ತಿಲಾ ದಾಟಬಾರದ್ರಿ ಅಮ್ಮಾರ,’ ಎಂದು ನಕ್ಕು ಮತ್ತೆ ಸ್ಕ್ರೂಡ್ರೈವರ್ ಹಿಡಿದರು. ಅತ್ತೆಗೆ ಚೂರು ಬೇಸರವಾಯಿತು.

ಡಿಶ್‌ವಾಷರ್ ರಿಪೇರಿ ಆದ ಮೇಲೆ ಅವರದೊಂದು ಪರೀಕ್ಷೆ ಇತ್ತು. ಮನೆಯದೇ ಒಂದು ಸ್ಟೀಲ್ ಲೋಟ ತೆಗೆದುಕೊಂಡು ಒಳಗಿಟ್ಟು ಮಷೀನು ಓಡಿಸುವುದು. ಲೋಟ ಆರಿದ ಮೇಲೆ ಬೆಳಕಿಗೆ ಹಿಡಿದು ನೋಡುವುದು, ಮೂಸುವುದು, ಕುಡಿಯುವ ನೀರು ತುಂಬಿ ಅಂಚಿಗೆ ತುಟಿ ಹಚ್ಚಿ ಕುಡಿಯುವುದು. ನಮ್ಮಲ್ಲಿ ಹೊರಗೆ ಎಲ್ಲಿ ಹೋದರೂ ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ರೂಢಿ. ಚಿಕ್ಕಂದಿನಲ್ಲಿ ಮೂಗಿಗೆಲ್ಲ ನೀರು ನುಗ್ಗಿಸಿಕೊಂಡು ಕಲಿತದ್ದು. ಅವರು ಹಾಗೆ ಕಚ್ಚಿ ಕುಡಿದದ್ದನ್ನು ನಾನು ಬೆರಗಿನಿಂದ ನೋಡಿರಬೇಕು. ಅವರೇ ವಿವರಿಸಿದರು.

‘ಸೋಪು ಉಳಿದದ್ದು ಕಣ್ಣಿಗಿ ಕಾಣಂಗಿಲ್ರಿ, ಮೂಗಿಗಿ ಸಿಗಂಗಿಲ್ಲ. ತುಟಿಗಿ ಗೊತ್ತಾಕೈತಿ. ನಾ ಕುಡಿಲಾರದ ಲೋಟಾ ನಿಮಗ ಹೆಂಗ ಕೊಟ್ಟು ಹೋಗ್ಲಿ?’

ಮೊದಲ ಸಲ ಈ ಪರೀಕ್ಷೆ ನಡೆದಾಗ ಅವರ ಕೈಗೆ ಸಿಕ್ಕದ್ದು ಅತ್ತೆಯ ಲೋಟ. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅವರು ಚೀಲ ಕಟ್ಟಿ ಚಪ್ಪಲಿ ಮೆಟ್ಟುವ ಹೊತ್ತಿಗೆ, ಬಹಳ ಸಹಜವಾಗಿ, ಏನೋ ಮರೆತದ್ದು ನೆನಪಾದವರಂತೆ ಅತ್ತೆ ಕೇಳಿದರು: ‘ಊರಾಗ ಯಾವ ಓಣಿಯಪ್ಪಾ ನಿಮ್ಮದು?’

ಅವರು ಓಣಿ ಹೇಳಿದರು. ಮರೆಮಾಚಲಿಲ್ಲ, ದನಿ ತಗ್ಗಿಸಲೂ ಇಲ್ಲ. ನಮ್ಮ ಕಡೆ ಓಣಿ ಹೇಳಿದರೆ ಜಾತಿ ಹೇಳಿದ ಹಾಗೆ. ಅದು ಅಗಸಿಯ ಆಚೆ, ಊರ ಹೊರಗಿನ ಓಣಿ. ಅತ್ತೆಗೆ ಆ ಊರು ಚೆನ್ನಾಗಿ ಗೊತ್ತಿತ್ತಲ್ಲ.

ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವರಿಗಿಂತ ಮೊದಲು ನಮ್ಮ ಮನೆಗೆ ಬಂದ ತೆಲುಗಿನವರನ್ನು, ಉರ್ದುವಿನವರನ್ನು ನಾವು ಏನೂ ಕೇಳಿರಲಿಲ್ಲ. ಅವರೂ ನಮ್ಮ ಲೋಟಗಳಲ್ಲೇ ನೀರು ಕುಡಿದು ಹೋಗಿದ್ದರು. ಕೇಳಬೇಕೆಂದರೂ ಅವರ ಊರು, ಕೇರಿ ನಮಗೆ ತಿಳಿಯುತ್ತಿರಲಿಲ್ಲ. ಇವರು ನಮ್ಮ ಭಾಷೆ ಆಡಿದರು, ನಾವು ಹಿಗ್ಗಿದೆವು, ಹಿಗ್ಗಿನಲ್ಲೇ ಊರು ಕೇಳಿದೆವು, ಊರಿನ ಹಿಂದೆಯೇ ಓಣಿ ಬಂತು. ಹೆಸರು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅವರು ಹೋದ ಮೇಲೆ ಅತ್ತೆ ಕೂಗಾಡಲಿಲ್ಲ. ಆ ಲೋಟ ಬಾಲ್ಕನಿಯ ಗಿಡಕ್ಕೆ ನೀರು ಹಾಕಲು ಇರಲಿ ಅಂದರು. ಅಷ್ಟು ಕುದಿಯುವ ನೀರು ಬಿದ್ದ ಮೇಲೆ ಏನು ಉಳಿಯುತ್ತದೆಂದು ನೀವೇ ಹೇಳಿದ್ದಿರಲ್ಲ ಎಂದೆ. ‘ಅದು ಬ್ಯಾರೆ, ಇದು ಬ್ಯಾರೆ,’ ಅಂದರು. ಆಮೇಲೆ ದೇವರ ಮನೆಯಿಂದ ಕೆಂಪು ದಾರದ ಉಂಡೆ ತಂದು ನನ್ನ ಮುಂದಿಟ್ಟರು. ತಮ್ಮ ಹೊಸ ಲೋಟ, ತಂಬಿಗೆ, ಸಾರಿನ ಪಾತ್ರೆ, ಈ ಮೂರಕ್ಕೂ ಕಂಠದಲ್ಲಿ ದಾರ ಕಟ್ಟಿದರೆ ಇನ್ನು ಮುಂದೆ ಗಡಿಬಿಡಿಯಲ್ಲಿ ಅವು ಮೆಕ್ಯಾನಿಕರ ಕೈಗೆ ಹೋಗುವುದಿಲ್ಲ ಎಂದು.

ಅತ್ತೆಯ ಬೆರಳಿನ ಗಂಟುಗಳು ಬಾತಿರುತ್ತಿದ್ದವು, ಗಂಟು ಹಾಕಲು ಬರುತ್ತಿರಲಿಲ್ಲ. ಅತ್ತೆಯ ಮೇಲೆ ಹೊರಿಸಿ ಪಾರಾಗೋಣವೆಂದರೆ ಆಗುವುದಿಲ್ಲ. ದಾರ ಕಟ್ಟಿದವಳು ನಾನು. ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಎರಡೆರಡು ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದೆ.

ನನ್ನನ್ನು ನಾನು ಸಮಾಧಾನ ಮಾಡಿಕೊಂಡ ಬಗೆಯನ್ನೂ ಹೇಳಿಬಿಡುತ್ತೇನೆ. ಅವರ ಲೋಟಕ್ಕೇನೂ ನಾವು ಗುರುತು ಮಾಡಿಲ್ಲ, ನಮ್ಮದಕ್ಕೆ ಮಾಡಿದ್ದೇವೆ, ಹಾಗಾಗಿ ಇದರಲ್ಲಿ ಅವಮಾನದ ಮಾತಿಲ್ಲ ಎಂದುಕೊಂಡೆ. ದಾರವಿಲ್ಲದ ಲೋಟಗಳಲ್ಲಿ ನಾನೂ ನನ್ನ ಗಂಡನೂ ಕುಡಿಯುತ್ತೇವಲ್ಲ, ಅವರೂ ಅದರಲ್ಲೇ ಕುಡಿಯಲಿ. ಇದನ್ನು ನಾನು ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಅವರು ಬಂದಾಗ ಲೋಟವನ್ನು ನಾನೇ ತೆಗೆದುಕೊಡುತ್ತಿದ್ದೆ, ಮರ್ಯಾದೆ ಮಾಡುವವಳಂತೆ. ಅವರು ಕುಡಿದು, ‘ಸರಿ ಐತ್ರಿ,’ ಎನ್ನುತ್ತಿದ್ದರು.

ಆ ಮೂರು ಪಾತ್ರೆಗಳು ದಿನವೂ ಮಷೀನಿಗೆ ಹೋಗುತ್ತಿದ್ದವು. ಬಿಸಿನೀರಿಗೆ ದಾರ ಸವೆದು ಕಳಚುತ್ತಿತ್ತು, ನಾನು ಹೊಸದು ಕಟ್ಟುತ್ತಿದ್ದೆ. ಹಳೆಯದು ಎಲ್ಲಿಗೆ ಹೋಯಿತೆಂದು ಒಂದು ದಿನವೂ ಯೋಚಿಸಲಿಲ್ಲ.

ಒಂದು ದಿನ ಮಷೀನು ನೀರು ಹೊರಹಾಕದೆ ನಿಂತಿತು. ತಳದಲ್ಲಿ ಬೂದು ನೀರು ಮಡುಗಟ್ಟಿ, ಒಳಗಿನಿಂದ ಗುಂಯ್ ಎನ್ನುವ ಸದ್ದು. ಫೋನು ಮಾಡಿದೆ, ಬಂದರು. ಅಂಗೈ ಇಟ್ಟು ಕೇಳಿಸಿಕೊಂಡು, ಪಂಪು ತಿರುಗಲು ನೋಡುತ್ತಿದೆ, ಏನೋ ಹಿಡಿದುಕೊಂಡಿದೆ ಅಂದರು. ಬಸಿ ತಂದಿಟ್ಟೆ. ನೀರು ಮೊಗೆದು ಹಾಕಿ, ಜಾಲರಿ ತೆಗೆದು, ಅದು ಸರಿಯಾಗಿ ಕೂತಿರಲಿಲ್ಲವೆಂದು ತೋರಿಸಿ, ಪಂಪಿನ ಮುಚ್ಚಳ ಬಿಚ್ಚಿದರು. ಅದರ ಪುಟ್ಟ ರೆಕ್ಕೆಗಳ ನಡುವೆ ಇಕ್ಕಳ ಹಾಕಿ ಎಳೆಯತೊಡಗಿದರು. ಎಳೆದಷ್ಟೂ ಬಂತು. ಬಣ್ಣ ಬಿಟ್ಟು ಗುಲಾಬಿಯಾದ ಹಳೆಯ ಎಳೆಗಳು, ಇನ್ನೂ ಕೆಂಪಾಗಿದ್ದ ಹೊಸ ಎಳೆಗಳು, ಒಂದಕ್ಕೊಂದು ಹೊಸೆದುಕೊಂಡು ಬೆಕ್ಕಿನ ಬಾಲದಷ್ಟು. ಬಸಿಯಲ್ಲಿಟ್ಟು ನನ್ನ ಮುಂದೆ ಹಿಡಿದರು.

‘ಮಷೀನ್ ತುಂಬಾವ್ರು ನೀವಽ ಅಲ್ರಿ?’

ಹೂಂ ಅಂದೆ.

‘ಈ ದಾರ ಯಾವುದರದು ರೀ?’

ದೇವರ ದಾರ, ಕೈಯಿಂದ ಜಾರಿ ಬಿದ್ದಿರಬೇಕು ಎಂದೆ. ಸುಳ್ಳು ಎಷ್ಟು ಬೇಗ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವರು ನನ್ನ ಕೈ ನೋಡಿದರು, ಅಲ್ಲಿ ದಾರ ಕಟ್ಟಿದ ಗುರುತೂ ಇರಲಿಲ್ಲ. ಆಮೇಲೆ ನೀರು ಮೊಗೆಯಲು ಅಡ್ಡವೆಂದು ಮಷೀನಿನಿಂದ ಹೊರಗೆ ತೆಗೆದಿಟ್ಟಿದ್ದ ಪಾತ್ರೆಗಳ ಕಡೆ ನೋಡಿದರು. ತಂಬಿಗೆಗೆ ಕೆಂಪು ದಾರ. ಸಾರಿನ ಪಾತ್ರೆಗೆ ಕೆಂಪು ದಾರ. ಲೋಟಕ್ಕೆ ಅರ್ಧ ಸವೆದು ನೇತಾಡುವ ದಾರ. ಪಕ್ಕದಲ್ಲೇ ದಾರವಿಲ್ಲದ ನಾಲ್ಕು ಲೋಟ. ಅದರಲ್ಲೊಂದನ್ನು ನಾನು ಅವರ ಪರೀಕ್ಷೆಗೆಂದು ಆಗಲೇ ಬೇರೆ ತೆಗೆದಿಟ್ಟಿದ್ದೆ.

ಯಂತ್ರದ ರೋಗವನ್ನು ಸದ್ದಿನಿಂದ ಹಿಡಿಯುವ ಮನುಷ್ಯನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೈ ಒರೆಸಿಕೊಳ್ಳುತ್ತ, ಉಪ್ಪಿನ ವಿಷಯ ಹೇಳಿದಷ್ಟೇ ಶಾಂತವಾಗಿ ಹೇಳಿದರು:

‘ದಾರ ಕಟ್ಟಿದ್ದು ಮಷೀನಿನ್ಯಾಗ ಹಾಕಬ್ಯಾಡ್ರಿ ಅಕ್ಕಾರ. ಗುರುತು ಬೇಕಂದ್ರ ಭಾಂಡೆ ಅಂಗಡ್ಯಾಗ ಕೆತ್ತಸ್ರಿ. ಕೆತ್ತಿದ್ದು ಬಿಚ್ಚಂಗಿಲ್ಲ.’

ಪಂಪು ಜೋಡಿಸಿ, ಲೋಟ ಇಟ್ಟು ಮಷೀನು ಓಡಿಸಿದರು. ಮುಗಿದ ಮೇಲೆ ಅದನ್ನು ಬೆಳಕಿಗೆ ಹಿಡಿದರು, ಮೂಸಿದರು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅವರು ಲೋಟವನ್ನು ಕಟ್ಟೆಯ ಮೇಲೆ ಬೋರಲು ಇಟ್ಟು, ‘ಸರಿ ಐತ್ರಿ,’ ಎಂದು ಚೀಲ ಕಟ್ಟಿದರು. ಕುಡಿಯಲಿಲ್ಲ.

ಮುಂದಿನದು ಇನ್ನೂ ನಾಚಿಕೆಯ ಮಾತು. ಅವರ ಸಲಹೆಯನ್ನು ನಾನು ಪಾಲಿಸಿದೆ. ಅತ್ತೆಯ ಮೂರು ಪಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಸ್ಟೀಲ್ ಅಂಗಡಿಗೆ ಹೋಗಿ, ಅತ್ತೆಯ ಹೆಸರಿನ ಮೊದಲಕ್ಷರ ಕೆತ್ತಿಸಿಕೊಂಡು ಬಂದೆ. ಮಷೀನು ಹಾಳಾಗಬಾರದಲ್ಲ ಎಂದು ಗಂಡನಿಗೆ ಹೇಳಿದೆ. ಅವರಿಗೆ ಅದು ಬಹಳ ಸರಿಯೆನಿಸಿತು.

ಮೆಕ್ಯಾನಿಕರು ಆಮೇಲೂ ಮೂರು ಸಲ ಬಂದರು. ಕರೆದ ದಿನವೇ, ಮೊದಲಿನ ಹಾಗೆಯೇ. ಅಂಗೈ ಇಟ್ಟರು, ಬಸಿ ಕೇಳಿದರು, ಊರಿನ ಮಾತೂ ಆಡಿದರು. ಲೋಟ ಮಾತ್ರ ಕೇಳಲಿಲ್ಲ. ಚೀಲದಲ್ಲಿ ತಮ್ಮದೊಂದು ನೀರಿನ ಬಾಟಲಿ ಇರುತ್ತಿತ್ತು. ಬಾಯಾರಿದರೆ ಮೆಟ್ಟಿಲ ಹತ್ತಿರ ಹೋಗಿ ಕುಡಿದು ಬರುತ್ತಿದ್ದರು. ಪ್ರತಿ ಸಲವೂ ನಾನು ಒಂದು ಮಾತನ್ನು ನಾಲಗೆಯ ತುದಿಯಲ್ಲಿ ಸಿದ್ಧ ಮಾಡಿಕೊಂಡಿರುತ್ತಿದ್ದೆ: ಆ ದಾರ ಕಟ್ಟಿದವಳು ನಾನು, ತಪ್ಪಾಯಿತು. ಅವರು ‘ಬರ್ತೀನ್ರಿ ಅಕ್ಕಾರ’ ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಮೂರನೆಯ ಸಲ ಬರುವ ಹೊತ್ತಿಗೆ ಅತ್ತೆ ಹೋಗಿ ತಿಂಗಳಾಗಿತ್ತು. ಅವರಿಗೆ ಗೊತ್ತಿರಲಿಲ್ಲ. ಹಾರ ಹಾಕಿದ ಫೋಟೊ ಕಂಡು ಚೀಲ ಕೆಳಗಿಟ್ಟು ಕೈ ಮುಗಿದರು. ‘ಅಮ್ಮಾರು ನಮ್ಮ ಕಡ್ಯಾವ್ರಿದ್ರು ರೀ,’ ಅಂದರು. ಆವತ್ತಾದರೂ ಬಾಯಿ ಬಿಡಬಹುದಿತ್ತು, ಅತ್ತೆಯ ಹೆದರಿಕೆಯೂ ಇರಲಿಲ್ಲ. ಅತ್ತೆಯ ಹೆದರಿಕೆ ಎಂದುಕೊಂಡದ್ದು ಅತ್ತೆಯದಲ್ಲ ಎಂದು ನನಗೆ ತಿಳಿದದ್ದು ಆವತ್ತೇ.

ಹೋದ ತಿಂಗಳು ಮತ್ತೆ ಮಷೀನು ನಿಂತಿತು. ನಂಬರು ಒತ್ತಿದರೆ ಹೆಂಗಸಿನ ದನಿ. ಎದೆ ನೋವೆಂದರು, ಆಸ್ಪತ್ರೆ ಮುಟ್ಟಲಿಲ್ಲ, ಹದಿನೈದು ದಿನವಾಯಿತು ಎಂದು ಆಕೆ ಕನ್ನಡದಲ್ಲೇ ಹೇಳಿದರು. ಅವರ ಹೆಂಡತಿ. ಮನೆ ಎಲ್ಲೆಂದು ಕೇಳಿ ಮರುದಿನವೇ ಹೋದೆ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ, ನಾಚಾರಂ ಕಡೆಯ ಒಂದು ಗಲ್ಲಿ. ಅವರಿಗೆ ಹೇಳದೆ ಉಳಿಸಿಕೊಂಡ ಮಾತನ್ನು ಆಕೆಗಾದರೂ ಹೇಳಿ ಬರಬೇಕು ಎಂಬುದೊಂದೇ ತಲೆಯಲ್ಲಿತ್ತು.

ಒಂದೇ ಕೋಣೆ, ಪಕ್ಕದಲ್ಲಿ ಚಿಕ್ಕ ಅಡುಗೆಮನೆ. ಮೊಳೆಗೆ ಆ ಕ್ಯಾನ್ವಾಸ್ ಚೀಲ ತೂಗುತ್ತಿತ್ತು. ಫೋಟೊದ ಕೆಳಗೆ ಹೆಸರು. ನಾನು ಯಾರೆಂದು ಹೇಳಿದ ಕೂಡಲೇ ಆಕೆಗೆ ಗುರುತಾಯಿತು.

‘ನಿಮ್ಮ ಮನಿದು ಭಾಳ ಹೇಳ್ತಿದ್ರು ರೀ. ನಮ್ಮ ಭಾಷಾದಾವ್ರು, ಹೋದ್ರ ಊರಿಗಿ ಹೋಗಿ ಬಂದಂಗ ಆಕೈತಿ ಅಂತಿದ್ರು.’

ಮಷೀನಿನ ಹೊಟ್ಟೆಯದು ಹೊಸ್ತಿಲು ದಾಟಬಾರದು ಎಂದಿದ್ದರಲ್ಲ. ತಮ್ಮ ಹೆಂಡತಿಯ ಹತ್ತಿರವೂ ಅವರು ಅದನ್ನು ದಾಟಿಸಿರಲಿಲ್ಲ. ಈಗ ನಾನು ಬಾಯಿ ಬಿಟ್ಟರೆ, ಗಂಡ ತನ್ನಿಂದ ಮುಚ್ಚಿಟ್ಟ ಅವಮಾನವನ್ನು ಈಕೆ ನನ್ನಿಂದ ಕೇಳಬೇಕು. ನನ್ನ ಎದೆ ಹಗುರ ಮಾಡಿಕೊಳ್ಳಲು ಆಕೆಯ ಎದೆಯ ಮೇಲೆ ಹೊರಿಸುವುದೇ? ಅಥವಾ ಇದೂ ಹೇಳದಿರಲು ನಾನು ಹುಡುಕಿಕೊಂಡ ನೆಪವೇ? ಆಕೆ ಎದ್ದು ಹೋಗಿ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟರು.

ಬಿಸಿಲಲ್ಲಿ ನಡೆದು ಬಂದಿದ್ದೆ, ಗಂಟಲು ಒಣಗಿತ್ತು. ಎರಡು ಗುಟುಕು ಇಳಿದ ಮೇಲೆ, ಗಲ್ಲದ ಮೇಲೆ ನೀರು ಚೆಲ್ಲಿದಾಗ, ನನಗೆ ಗೊತ್ತಾಯಿತು. ತಲೆ ಹಿಂದಕ್ಕೆ ಬಾಗಿತ್ತು. ಲೋಟ ತುಟಿಯಿಂದ ನಾಲ್ಕು ಬೆರಳು ಮೇಲಿತ್ತು. ನಾನು ಎತ್ತಿ ಕುಡಿಯುತ್ತಿದ್ದೆ. ನನ್ನ ಕೈ ನನ್ನನ್ನು ಕೇಳಿಯೇ ಇರಲಿಲ್ಲ.

ಆಕೆ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಒರೆಸಿಕೊಳ್ಳಲು ಟವೆಲ್ಲು ಕೊಟ್ಟರು.

‘ಕಚ್ಚೇ ಕುಡೀರಿ ಅಕ್ಕಾರ,’ ಅಂದರು. ‘ಸೋಪು ಉಳಿದಿರಂಗಿಲ್ಲ. ಅವ್ರು ಹೇಳಿಕೊಟ್ಟಂಗ ತೊಳದೀನಿ.’

ಉಳಿದ ನೀರನ್ನು ತುಟಿ ಹಚ್ಚಿ ಕುಡಿದೆ. ಸೋಪಿನ ಸುಳಿವೂ ಇರಲಿಲ್ಲ. ಹೇಳಬೇಕೆಂದು ಹೋದ ಮಾತನ್ನು ಹೇಳದೆಯೇ ಎದ್ದು, ಬರುತ್ತೇನೆ ಎಂದೆ. ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದಾಗ ಆಕೆ ನಾನು ಕುಡಿದ ಲೋಟವನ್ನು ತೊಳೆದು ಮನೆಯ ಉಳಿದ ಲೋಟಗಳ ನಡುವೆ ಬೋರಲು ಇಡುತ್ತಿದ್ದರು. ಐದಾರು ಲೋಟಗಳಿದ್ದವು. ಆಕೆ ಕೈ ತೆಗೆದ ಮೇಲೆ ನನ್ನದು ಯಾವುದೆಂದು ನನಗೇ ಗುರುತು ಸಿಗಲಿಲ್ಲ.